ಕಾಲಿಗೆ ಬಿದ್ದ ಮಾತು

ಡಾಕ್ಟರಮ್ಮನ ಹೆಬ್ಬೆರಳು ಕೆಂಚಿಯ ಮುಂಗಾಲಿನ ಮೇಲೆ ಮಂಡಿಯಿಂದ ಗೊರಸಿನ ಕಡೆಗೆ ನಿಧಾನವಾಗಿ ಇಳಿಯುತ್ತಿತ್ತು. ಅಲ್ಲಲ್ಲಿ ನಿಂತು ಒತ್ತುವುದು, ಕುದುರೆಯ ಕಿವಿಯನ್ನೊಮ್ಮೆ ನೋಡುವುದು, ಮತ್ತೆ ಇಳಿಯುವುದು. ಕೆಂಚಿ ಕಾಲು ಕದಲಿಸಲಿಲ್ಲ. ತನಗೂ ಈ ಕಾಲಿಗೂ ಸಂಬಂಧವೇ ಇಲ್ಲವೆಂಬಂತೆ ಪಕ್ಕದ ಲಾರಿಯಿಂದ ಹುಲ್ಲಿನ ಕಟ್ಟು ಇಳಿಸುವುದನ್ನು ನೋಡುತ್ತ ನಿಂತಿತ್ತು. ಹಗ್ಗ ಹಿಡಿದಿದ್ದ ಸವಾರ ಹುಡುಗಿಯ ಅಂಗೈ ಮಾತ್ರ ಒದ್ದೆಯಾಗಿತ್ತು. ತಪ್ಪು ಮಾಡದವರಿಗೂ ತಪಾಸಣೆ ಎಂದರೆ ಎದೆ ಹೊಡೆದುಕೊಳ್ಳುತ್ತದಲ್ಲ, ಹಾಗೆ.

ಪಂದ್ಯಕ್ಕೆ ಬಂದ ಪ್ರತಿ ಕುದುರೆಗೂ ಈ ತಪಾಸಣೆ ಇದ್ದದ್ದೇ. ಅಡ್ಡ ಇಟ್ಟ ಕೋಲನ್ನು ಬೀಳಿಸದೆ ನೆಗೆಯುವುದು ಈ ಆಟ. ಕೋಲಿಗೆ ಕಾಲು ತಾಗಿದರೆ ಏನಾಗುತ್ತದೋ ಎಂದು ಕುದುರೆ ಹೆದರಲಿ, ಹೆದರಿ ಇನ್ನಷ್ಟು ಮೇಲೆತ್ತಲಿ ಎಂದು ಕೆಲವರು ಕಾಲಿಗೆ ಉರಿಯುವ ಮುಲಾಮು ಹಚ್ಚುತ್ತಾರೆ, ಕೆಲವರು ಕಾಲುಪಟ್ಟಿಯನ್ನು ರಕ್ತ ಕಟ್ಟುವಷ್ಟು ಬಿಗಿಯುತ್ತಾರೆ, ಇನ್ನು ಕೆಲವರು ಕುದುರೆ ಗಾಳಿಯಲ್ಲಿರುವಾಗ ಕೆಳಗಿನಿಂದ ಕೋಲನ್ನೇ ಎತ್ತಿ ಕಾಲಿಗೆ ಬಾರಿಸುತ್ತಾರೆ. ಮೂರನ್ನೂ ನಿಯಮ ಬೇಡವೆನ್ನುತ್ತದೆ. ಬೇಡವೆಂದ ಮೇಲೂ ಮಾಡುವವರು ಇರುವುದರಿಂದಲೇ ಡಾಕ್ಟರಮ್ಮ ಬಿಸಿಲಿನಲ್ಲಿ ಮಂಡಿಯೂರಿ ಕೂತಿದ್ದರು.

"ಡಾಕ್ಟರಮ್ಮಾ, ನನ್ನ ಕುದುರೆ ಕಾಲನ್ನ ಸ್ವಲ್ಪ ದೂರದಿಂದ ನೋಡಿ," ಎಂದ ಹಿಂದೆ ಸರದಿಯಲ್ಲಿದ್ದ ಮೀಸೆಯ ಸವಾರ. "ಅದು ನಮ್ಮತ್ತೆ ಥರ. ಮುಟ್ಟಿದ್ರೂ ಒದೆಯುತ್ತೆ, ಮುಟ್ಟದಿದ್ರೂ ಒದೆಯುತ್ತೆ."

ಸಾಲು ನಕ್ಕಿತು. ಡಾಕ್ಟರಮ್ಮ ಕೈ ತೆಗೆದು, ಸೊಂಟಕ್ಕೆ ಕೈಕೊಟ್ಟು ಏಳಲು ಹೊರಟರು. "ಸರಿ ಇದೆ. ಕಾಲು ಚೆನ್ನಾಗಿ ನೋಡ್ಕೊಂಡಿದ್ದೀಯ."

ಅವಳಿಗೆ ಉಸಿರು ಬಂತು. ಕೆಂಚಿಯ ಕತ್ತು ತಟ್ಟಿ, "ಆಯ್ತು ಆಯ್ತು, ಮುಗೀತು ಕಂದಾ," ಎಂದಳು.

ಕೆಂಚಿಯ ಮುಂಗಾಲುಗಳೆರಡೂ ಒಟ್ಟಿಗೆ ನೆಲ ಬಿಟ್ಟವು. ಮಂಡಿಗಳು ಮಡಚಿ ಎದೆಗೆ ಹತ್ತಿಕೊಂಡವು. ನಿಂತಲ್ಲೇ ಅರ್ಧ ಮೈ ಎದ್ದು, ಮತ್ತೆ ಕೆಳಗಿಳಿದು, ಅದು ಗಡಗಡ ನಡುಗತೊಡಗಿತು. ಡಾಕ್ಟರಮ್ಮ ಹಿಂದಕ್ಕೆ ಬಿದ್ದು ಮಣ್ಣಿನಲ್ಲಿ ಕೂತಿದ್ದರು. ಮತ್ತೆ ನಗು ಎದ್ದಿತು, ಡಾಕ್ಟರಮ್ಮ ನಗಲಿಲ್ಲವಾದ್ದರಿಂದ ತಾನೇ ಅಡಗಿತು.

"ನಾನು ಕೈ ತೆಗೆದಾಗಿತ್ತು," ಎಂದರು ಅವರು. ಎದ್ದು ಬಂದು ಮತ್ತೆ ಒತ್ತಿ ನೋಡಿದರು. ಕೆಂಚಿ ಅಲುಗಲಿಲ್ಲ. "ಏನಂದೆ ನೀನು ಅದಕ್ಕೆ?"

"ಕಂದಾ ಅಂದೆ."

ಮೆಲ್ಲಗೇ ಹೇಳಿದ್ದಳು. ಆದರೂ ಕೆಂಚಿಯ ಕಣ್ಣಿನ ಬಿಳಿ ಕಾಣಿಸಿತು. ಬಲಗಾಲು ಮೇಲೆದ್ದು ಗಾಳಿಯಲ್ಲಿ ಮಡಚಿಕೊಂಡೇ ನಿಂತಿತು, ಬರಬೇಕಾದ್ದು ಇನ್ನೂ ಬಂದಿಲ್ಲ ಎಂಬಂತೆ.

"ಅದು ನೆಗೆಯೋ ಮಾತು ಡಾಕ್ಟರೇ," ಅವಳು ವಿವರಿಸಿದಳು. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಅಡ್ಡ ದಾಟೋವಾಗ, ನೆಲ ಬಿಡೋ ಕ್ಷಣಕ್ಕೆ ಸರಿಯಾಗಿ ಹೇಳ್ತೀನಿ. ಚಿಕ್ಕ ಮರಿಯಿಂದ ಅಭ್ಯಾಸ. ನಮ್ಮಪ್ಪ ಹೇಳ್ಕೊಟ್ಟಿದ್ದು."

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. "ನೆಗೆಯೋಕೆ ಕಲಿತ ಕುದುರೆ ಮಾತು ಕೇಳಿದ್ರೆ ಮುಂದೆ ನೋಡುತ್ತೆ. ಇದು ತನ್ನ ಕಾಲು ನೋಡ್ಕೊಳ್ತಿದೆ." ಆಮೇಲೆ ಕೇಳಿದರು. "ನೀನು ಅಡ್ಡ ದಾಟೋವಾಗ ಪಕ್ಕದಲ್ಲಿ ಯಾರು ನಿಂತಿರ್ತಾರೆ?"

"ಅಪ್ಪ."

ಹೇಳಿಯಾದ ಮೇಲೆ ಆ ಎರಡಕ್ಷರ ಅವಳ ಬಾಯಲ್ಲೇ ಉಳಿದುಕೊಂಡಿತು. ಅಪ್ಪ ಯಾವತ್ತೂ ಕಂಬದ ಪಕ್ಕದಲ್ಲಿ, ಕೋಲಿನ ತುದಿಗೆ ಕೈಯಿಟ್ಟು ನಿಲ್ಲುತ್ತಿದ್ದ. ಕೋಲು ಬಿದ್ದು ಸದ್ದಾದರೆ ಕುದುರೆ ಬೆದರುತ್ತದೆ, ಅದಕ್ಕೇ ಹಿಡಿದುಕೊಂಡಿದ್ದೇನೆ ಎನ್ನುತ್ತಿದ್ದ. ನೀನು ಮಾತ್ರ ಮುಂದಿನ ಅಡ್ಡ ನೋಡು, ಕೆಳಗೆ ನೋಡಬೇಡ, ಹಿಂದೆ ತಿರುಗಬೇಡ, ತಿರುಗಿದ ಸವಾರ ಬಿದ್ದ ಸವಾರ. ಕಾಲ ಕೆಳಗೆ ಟಣ್ ಎಂದು ಸದ್ದಾಗುವುದು. ಮರದ ಕೋಲು ಟಣ್ ಎನ್ನುತ್ತದೆಯೇ? "ಮುಟ್ಟಿದ್ಲು ನೋಡು. ನೀನು ಬೇಗ ಎದ್ದೆ," ಎನ್ನುತ್ತಿದ್ದ ಅಪ್ಪ. ಅವಳು ತನ್ನದೇ ತಪ್ಪೆಂದು ಕೆಂಚಿಯ ಕತ್ತಿಗೆ ಮುಖವೊತ್ತಿ, ತಪ್ಪಾಯ್ತು ಕಂದಾ, ತಪ್ಪಾಯ್ತು ಎಂದುಕೊಂಡೇ ಲಾಯಕ್ಕೆ ಬರುತ್ತಿದ್ದಳು.

"ಕಾಲು ಪಾಸು," ಎಂದರು ಡಾಕ್ಟರಮ್ಮ. "ನನ್ನ ಕೈಯಲ್ಲಿರೋದು ಕಾಲಿನ ನಿಯಮ. ಮಾತಿಗೆ ಏನೂ ಇಲ್ಲ. ನಿನ್ನ ಸರದಿ ಬರೋವರೆಗೂ ನಾನು ಇಲ್ಲೇ ಡೇರೆಯಲ್ಲಿರ್ತೀನಿ. ಹೇಳೋದಿದ್ರೆ ಬಾ. ಹೇಳಿದ್ರೆ ಏನಾಗುತ್ತೆ ಗೊತ್ತಲ್ಲ?"

ಗೊತ್ತಿತ್ತು. ಅಪ್ಪ ಮತ್ತೆ ಯಾವ ಪಂದ್ಯದ ಅಂಗಳಕ್ಕೂ ಕಾಲಿಡುವ ಹಾಗಿಲ್ಲ. ಕುದುರೆ ಬಿಟ್ಟರೆ ಅಪ್ಪನಿಗೆ ಬೇರೆ ಏನೂ ಗೊತ್ತಿಲ್ಲ. ಮನೆಯಲ್ಲಿ ಸುಮ್ಮನೆ ಕೂತರೆ ಕುರ್ಚಿಯನ್ನೂ ಲಗಾಮು ಹಿಡಿದಂತೆ ಹಿಡಿಯುವ ಮನುಷ್ಯ. ಇವತ್ತು ಒಂದು ಕೋಲೂ ಬೀಳದಿದ್ದರೆ ಅವಳು ದೇಶದ ತಂಡಕ್ಕೆ. ಅದನ್ನು ನೋಡಲೆಂದೇ ಅಪ್ಪ ಮದುವೆಮನೆಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದ.

ಅವನು ಲಾರಿಯ ಹಿಂದೆ ಬಕೆಟ್ ಬೋರಲು ಹಾಕಿ ಕೂತು ಜೀನಿನ ಪಟ್ಟಿಗೆ ಎಣ್ಣೆ ಸವರುತ್ತಿದ್ದ. ಅವಳ ಹೆಜ್ಜೆ ಕೇಳಿ ತಲೆಯೆತ್ತದೆಯೇ ಮಾತಾಡಿದ. "ಬಂದ್ರಾ ಇಬ್ರೂ? ಕುದುರೆಗೂ ಮಗಳಿಗೂ ಒಂದೇ ಬುದ್ಧಿ. ಹಸಿವಾದಾಗ ಮಾತ್ರ ಅಪ್ಪನ ನೆನಪು."

"ಅಪ್ಪ, ಕಂದಾ ಅಂದ್ರೆ ಕೆಂಚಿ ಯಾಕೆ ನಡುಗುತ್ತೆ?"

ಅವಳ ಬೆನ್ನ ಹಿಂದೆ ಗೊರಸು ನೆಲಕ್ಕೆ ಬಡಿಯಿತು. ಅಪ್ಪನ ಕೈಯಲ್ಲಿದ್ದ ಬಟ್ಟೆ ಪಟ್ಟಿಯ ನಡುವೆ ನಿಂತುಹೋಯಿತು. ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದಳು. ಹೇಳಲಿ ಎಂದೂ ಅನ್ನಿಸಿತ್ತು.

"ಡಾಕ್ಟರಮ್ಮ ಹಿಡಿದ್ರಾ?" ಎಂದ.

"ಕೆಂಚಿನೇ ಹೇಳ್ತು."

ಅಪ್ಪ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿದ. ತಿರುವಿ ತಿರುವಿ ಬಿಗಿಯಾಗಿ ಹಾಕಿದ. "ಕೋಲಿನ ಮುಂದೆ ತೆಳು ಕಬ್ಬಿಣದ ಪೈಪು ಇಟ್ಕೋತಿದ್ದೆ, ಎತ್ತಿ ಕಾಲಿಗೆ ಬಾರಿಸೋಕೆ. ನೀನು ಕಂದಾ ಅನ್ನೋದು ಸರಿಯಾಗಿ ಅವಳು ಎದ್ದಾಗ. ಅದಕ್ಕಿಂತ ಒಳ್ಳೆ ಗುರುತು ಸಿಗಲ್ಲ. ಕಣ್ಣು ನನಗೆ ಮಂಜು. ಕಿವಿ ಸರಿಯಾಗಿದೆ."

"ನನ್ನ ಬಾಯಿಂದ ಹೊಡೆಸಿದೆ."

"ನನ್ನ ಕೈಯಿಂದ ಹೊಡೆದೆ. ನಿನ್ನ ಬಾಯಿ ಏನು ಮಾಡ್ತು?"

"ಹಿಂದೆ ತಿರುಗಬೇಡ ಅಂತ ನೀನೇ ಹೇಳಿದ್ದು."

"ಹೇಳಿದ್ದೆ," ಎಂದ ಅಪ್ಪ. "ನೀನು ತಿರುಗಲೂ ಇಲ್ಲ."

ಆಚೆ ಅಂಗಳದ ಮೈಕಿನಲ್ಲಿ ಯಾರದೋ ಕುದುರೆ ಕೋಲು ಕೆಡವಿದ ಸುದ್ದಿ ಬರುತ್ತಿತ್ತು. ಅವಳಿಗೆ ಸಿಟ್ಟು ಉಕ್ಕಿ ಬರುತ್ತಿತ್ತು. ಅದನ್ನು ಹಾಕಲು ಜಾಗ ಸಿಗುತ್ತಿರಲಿಲ್ಲ. ಎದುರಿಗೆ ಕೂತಿದ್ದವನು ಮಂಜುಗಣ್ಣಿನ ಅಪ್ಪ. ಅವನ ಕೋಟಿನ ತೋಳಿಗೆ ಎಣ್ಣೆ ಹತ್ತಿತ್ತು.

"ಯಾಕಪ್ಪ? ಗೆಲ್ಲೋಕಾ? ಒಂದು ಗೆಲುವಿಗಾ?"

"ಗೆಲುವು," ಎಂದ ಅಪ್ಪ, ಬಾಯಿಗೆ ಬಂದ ಮಣ್ಣನ್ನು ಉಗುಳುವ ಹಾಗೆ. "ನಿಮ್ಮಣ್ಣನ ಕುದುರೆ ಕಾಲು ಎತ್ತಲಿಲ್ಲ. ಅಷ್ಟೇ. ಇಷ್ಟು ಎತ್ತಿದ್ರೆ ಸಾಕಿತ್ತು." ಎಣ್ಣೆಯ ಕೈಯಲ್ಲಿ ನಾಲ್ಕು ಬೆರಳಗಲ ತೋರಿಸಿದ. "ಕೋಲು ಕಾಲ ಮಧ್ಯೆ ಸಿಕ್ಕಿ ಅವನ ಮೇಲೇ ಮಗುಚಿಕೊಳ್ತು. ಅವನ ತಲೆ ನನ್ನ ತೊಡೆ ಮೇಲಿತ್ತು. ಅಪ್ಪಾ, ಕುದುರೆಗೇನೂ ಆಗಿಲ್ಲ ತಾನೇ ಅಂತ ಕೇಳಿದ. ಆಗಿಲ್ಲ ಅಂದೆ. ಅವನಿಗೆ ಹೇಳಿದ ಕೊನೇ ಮಾತು ಅದು, ಒಂದು ಕುದುರೆ ಯೋಗಕ್ಷೇಮ." ಅವನು ಬೆರಳುಗಳನ್ನು ನೋಡಿಕೊಂಡ. "ಆಮೇಲೆ ನೀನೂ ಕುದುರೆ ಹತ್ತುತ್ತೀನಿ ಅಂದೆ. ಬೇಡ ಅಂದ್ರೆ ಕೇಳಿದ್ಯಾ? ಹತ್ತಿದ ಮೇಲೆ ನನ್ನ ಕೈಲಿ ಏನಿತ್ತು ಹೇಳು. ಅವಳು ಕಾಲು ಎತ್ತೋ ಹಾಗೆ ಮಾಡೋದೊಂದೇ ಇತ್ತು."

ಅಣ್ಣನ ಕಥೆ ಅವಳಿಗೆ ಗೊತ್ತಿತ್ತು. ಅಣ್ಣ ಕೇಳಿದ ಆ ಪ್ರಶ್ನೆ ಗೊತ್ತಿರಲಿಲ್ಲ.

"ಬೂಟು ಹಾಕ್ಕೋ," ಎಂದ ಅಪ್ಪ. "ಹೊತ್ತಾಯ್ತು."

ಅವಳು ಬೂಟು ಹಾಕಿಕೊಂಡಳು. ಯಾಕೆ ಹಾಕಿಕೊಂಡಳೆಂದರೆ, ಅಪ್ಪ ಹೇಳಿದ್ದನ್ನು ಮಾಡಿಯೇ ಅಭ್ಯಾಸವಾಗಿದ್ದ ಕಾಲುಗಳು ಅವು. ಕೆಂಚಿಯ ಮೈ ಬಿಸಿ ಮಾಡಲು ಪಕ್ಕದ ಅಂಗಳಕ್ಕೆ ಒಯ್ದಳು. ಅಲ್ಲೊಂದು ಅಡ್ಡ ಇಟ್ಟಿದ್ದರು. ಕೋಲು ಯಾರೂ ಮುಟ್ಟಬಾರದೆಂದು ಮೇಲ್ವಿಚಾರಕನೊಬ್ಬ ಕಾಯುತ್ತಿದ್ದ. ಅಪ್ಪ ಬೇಲಿಯಾಚೆ ನಿಂತು ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದ.

ಈ ಸಲ ಅವಳು ಮಾತಾಡಲಿಲ್ಲ. ತುಟಿ ಕಚ್ಚಿಕೊಂಡು ಅಡ್ಡದ ಕಡೆಗೆ ಬಿಟ್ಟಳು. ಕೆಂಚಿಯ ಒಂದು ಕಿವಿ ಹಿಂದಕ್ಕೆ, ಅವಳ ಬಾಯಿಯ ಕಡೆಗೆ ತಿರುಗಿತ್ತು. ಓಡುತ್ತ ಓಡುತ್ತ ಆ ಮಾತಿಗಾಗಿ ಕಾಯುತ್ತಿತ್ತು. ಕೇಳಲು ಆಸೆಯಾಗಿ ಕಾಯುತ್ತಿದೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದಳು. ನೆಲ ಬಿಟ್ಟಾಗ ಮೊದಲ ಬಾರಿಗೆ ತಲೆ ಬಗ್ಗಿಸಿ ಕೆಳಗೆ ನೋಡಿದಳು. ಕೆಂಚಿಯ ಮುಂಗಾಲುಗಳು ಗಂಟಲಿನ ತನಕ ಮಡಚಿಕೊಂಡಿದ್ದವು, ಗಾಳಿಯಲ್ಲೇ ನಡುಗುತ್ತಿದ್ದವು. ಕೋಲು ಎಲ್ಲೋ ದೂರ, ಕೆಳಗೆ, ತನ್ನ ಪಾಡಿಗೆ ತಾನಿತ್ತು.

"ಏನು ನೆಗೆತ," ಎಂದ ಮೀಸೆಯ ಸವಾರ ಬೇಲಿಯಿಂದ. "ನಿನ್ನ ಕುದುರೆಗೆ ರೆಕ್ಕೆ ಇದೆ ಕಣಮ್ಮ. ನಮಗೂ ಒಂಚೂರು ಗುಟ್ಟು ಹೇಳ್ಕೊಡು."

ಅವಳು ಅಲ್ಲೇ ಇಳಿದಳು. ಹಗ್ಗ ಹಿಡಿದು, ಬೇಲಿ ದಾಟಿ, ಅಪ್ಪನ ಮುಂದೆಯೇ ಡೇರೆಯ ಕಡೆಗೆ ನಡೆದಳು. ಅವನು ಕರೆಯಲಿಲ್ಲ. ಕರೆದಿದ್ದರೆ ನಿಲ್ಲುತ್ತಿದ್ದಳೇನೋ.

ಡೇರೆಯಲ್ಲಿ ಹೇಳಬೇಕಾದ್ದನ್ನು ಹೇಳಲು ಅವಳಿಗೆ ಹೆಚ್ಚು ಮಾತು ಬೇಕಾಗಲಿಲ್ಲ. ಅಪ್ಪನನ್ನು ಕರೆಸಿದರು. ಅವನು ಬಂದು, ಕೇಳಿದ್ದಕ್ಕೆಲ್ಲ ಹೌದು ಎಂದ. ಕತ್ತಿನಲ್ಲಿದ್ದ ಪ್ರವೇಶದ ಬಿಲ್ಲೆಯನ್ನು ತಾನೇ ತೆಗೆದು ಮೇಜಿನ ಮೇಲಿಟ್ಟ. ದಾರ ಕಿವಿಗೆ ಸಿಕ್ಕಿಕೊಂಡಾಗ ಬಿಡಿಸಲು ಅವಳ ಕೈ ಮುಂದಾಯಿತು. ಅಷ್ಟರಲ್ಲಿ ಅವನೇ ಬಿಡಿಸಿಕೊಂಡ.

"ಹುಡುಗೀದು ಏನೂ ಇಲ್ಲ ಇದ್ರಲ್ಲಿ," ಎಂದ ಡಾಕ್ಟರಮ್ಮನಿಗೆ. "ಬರ್ಕೊಳ್ಳಿ. ಅವಳು ಒಂದ್ಸಲಾನೂ ತಿರುಗಿ ನೋಡಿಲ್ಲ."

ಅವಳನ್ನು ಕಾಪಾಡಲೆಂದು ಹೇಳಿದ ಮಾತು ಅದು. ಪಂದ್ಯಕ್ಕೆ ಇಳಿಯದೆಯೇ ಮನೆಗೆ ಬರುವ ದಾರಿಯುದ್ದಕ್ಕೂ ಲಾರಿಯ ಮುಂದಿನ ಸೀಟಿನಲ್ಲಿ ಇಬ್ಬರ ನಡುವೆ ಆ ಮಾತೊಂದೇ ಕೂತಿತ್ತು.

ಆಮೇಲೆ ಅಪ್ಪ ಲಾಯಕ್ಕೆ ಬರುವುದನ್ನು ಬಿಟ್ಟ. ಬೆಳಗ್ಗೆ ಎದ್ದು ಚಪ್ಪಲಿ ಮೆಟ್ಟಿ ಬಾಗಿಲ ತನಕ ಬಂದು, ಏನೋ ಮರೆತವನಂತೆ ಒಳಗೆ ಹೋಗುತ್ತಿದ್ದ. ಶೆಡ್ಡಿನ ಹಿಂದಿನ ಪೈಪನ್ನು ಅವಳೇ ಹುಡುಕಿ ತೆಗೆದಳು. ಅದರ ತುದಿಯಲ್ಲಿ ಕೆಂಚು ಕೂದಲು ಅಂಟಿಕೊಂಡಿತ್ತು. ಗುಜರಿಯವನಿಗೆ ಕೊಟ್ಟುಬಿಟ್ಟಳು. ಅವನು ಒಳ್ಳೇ ಪೈಪು ಎಂದು ಬೆರಳಿಂದ ಬಡಿದು ನೋಡಿದಾಗ ಒಳಗೆ ಕೆಂಚಿ ಗೋಡೆಗೆ ಒತ್ತಿಕೊಂಡ ಸದ್ದು ಕೇಳಿಸಿತು.

ಕೆಂಚಿಯನ್ನು ಈಗ ಅವಳು ಮಾತಿಲ್ಲದೆ ನೋಡಿಕೊಳ್ಳುತ್ತಾಳೆ. ನೀರಿಡುತ್ತಾಳೆ, ಮೈ ತಿಕ್ಕುತ್ತಾಳೆ, ಕಾಲಿನ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಾಳೆ. ಮೊದಮೊದಲು ಬಾಯಿ ಜಾರುತ್ತಿತ್ತು. ಈಗ ಮಾತು ಗಂಟಲಿಗೆ ಬಂದರೆ ನುಂಗಿಕೊಳ್ಳುತ್ತಾಳೆ. ಬೇರೆ ಮಾತುಗಳನ್ನೂ ಹುಡುಕಿ ನೋಡಿದಳು. ಚಿನ್ನ, ಮರಿ, ರಾಣಿ. ಯಾವುದೂ ಕೆಂಚಿಗೆ ಹೊಂದಲಿಲ್ಲ. ಯಾರದೋ ಅಂಗಿ ತೊಡಿಸಿದಂತಿತ್ತು.

ಒಂದು ಸಂಜೆ ಹಾಗೇ ಹುಲ್ಲಿನ ಮೇಲೆ ಕೂತಿದ್ದಳು. ಕೆಂಚಿ ತಲೆ ತಗ್ಗಿಸಿ ಅವಳ ಭುಜಕ್ಕೆ ಮೂತಿ ತಾಗಿಸಿತ್ತು. ಎಷ್ಟೋ ದಿನದ ಮೇಲೆ ತಾನಾಗಿ ತಾಗಿಸಿತ್ತು. ಬಿಸಿ ಉಸಿರು ಕತ್ತಿಗೆ ಬಡಿಯುತ್ತಿತ್ತು. ಅವಳು ಕದಲಲಿಲ್ಲ.

ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ನಿಂತಿತು, ಮತ್ತೆ ಹತ್ತಿರವಾಯಿತು. ಲಾಯದ ಬಾಗಿಲ ಬೆಳಕಿಗೆ ಅಡ್ಡವಾಗಿ ಅಪ್ಪ ಬಂದು ನಿಂತ. ಪಂದ್ಯದ ದಿನದಿಂದ ಅವಳೊಡನೆ ಮಾತು ಬಿಟ್ಟಿದ್ದವನು ಗಂಟಲು ಸರಿಮಾಡಿಕೊಂಡ.

"ಊಟ ಆರಿಹೋಗ್ತಿದೆ," ಎಂದ. "ಬಾ ಕಂದಾ."

ಭುಜದ ಮೇಲಿನ ಬಿಸಿ ತಟ್ಟನೆ ಹೋಯಿತು. ಕೆಂಚಿಯ ಬಲಗಾಲು ಹುಲ್ಲಿನಿಂದ ಮೇಲೆದ್ದು, ಮಡಚಿ, ಎದೆಯ ಹತ್ತಿರ ನಿಂತಿತು.

ಅಪ್ಪನ ಮಂಜುಗಣ್ಣಿಗೂ ಅದು ಕಂಡಿತು. ಇನ್ನೇನೋ ಹೇಳಲು ತೆರೆದ ಅವನ ಬಾಯಿ ತೆರೆದೇ ಉಳಿಯಿತು. ಹುಟ್ಟಿದಾಗಿನಿಂದ ಅವನು ಮಗಳನ್ನು ಬೇರೆ ಹೆಸರಿಂದ ಕರೆದವನಲ್ಲ. ಆಮೇಲೆ ಬಾಯಿ ಮುಚ್ಚಿ, ಬಲಗೈ ಮುಂದೆ ಚಾಚಿ, ಬೆರಳುಗಳನ್ನು ಒಳಕ್ಕೆ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಸನ್ನೆಯಿಂದ ಕರೆಯತೊಡಗಿದ, ಇನ್ನೂ ಮಾತು ಬಾರದ ಮಗುವನ್ನು ಕರೆಯುವಂತೆ. ಅವಳು ಏಳಲಿಲ್ಲ. ಕೆಂಚಿ ಕಾಲು ಇಳಿಸಲಿ ಎಂದು ಕಾಯುತ್ತ ಕೂತಳು.