ಎಪ್ಪತ್ತಮೂರನೇ ಸೀಟಿನ ಮೈಕು

ನಾನು ಒಂದು ಮೈಕು. ಮದುವೆ ಮನೆಯಲ್ಲಿ ಕೈಯಿಂದ ಕೈಗೆ ಹೋಗುವ ಜಾತಿಯವನಲ್ಲ. ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದ, ಕತ್ತು ಬಗ್ಗುವ ಮೈಕು. ಕಾರ್ಖಾನೆಯಲ್ಲಿ ನನ್ನಂಥ ಮುನ್ನೂರು ಮಂದಿ ಒಟ್ಟಿಗೆ ಹುಟ್ಟಿದೆವು. ಪರೀಕ್ಷೆ ಮಾಡುತ್ತಿದ್ದ ಹೆಂಗಸು ನನ್ನ ಬಾಯಿಗೆ ಬಾಯಿಟ್ಟು "ಒಂದು, ಎರಡು, ಮೂರು" ಎಂದಳು. ಅಷ್ಟು ಕಲಬೆರಕೆಯಿಲ್ಲದ ಮಾತು ಆಮೇಲೆ ನನ್ನ ಪಾಲಿಗೆ ಹೆಚ್ಚು ಬರಲಿಲ್ಲ.

ನನ್ನನ್ನು ತಂದದ್ದು ಒಂದು ಶಾಸನಸಭೆಗೆ. ಯಾವ ರಾಜ್ಯದ್ದು ಎಂದು ಕೇಳಬೇಡಿ, ಹೇಳಲು ನನಗೇ ನಾಚಿಕೆ. ಎಪ್ಪತ್ತಮೂರನೇ ಸೀಟಿನ ಮುಂದೆ ಕೂರಿಸಿದರು. ನನ್ನ ಸ್ವಿಚ್ಚು ನನ್ನ ಹತ್ತಿರ ಇರಲಿಲ್ಲ, ಕೂತವರ ಹತ್ತಿರವೂ ಇರಲಿಲ್ಲ. ಮೇಲೆ ಗಾಜಿನ ಕೋಣೆಯಲ್ಲಿ ಒಬ್ಬ ಆಪರೇಟರ್ ಇದ್ದ. ಸಭಾಧ್ಯಕ್ಷರು ಯಾರ ಹೆಸರು ಕರೆದರೆ ಅವರ ಸೀಟಿನ ನಂಬರು ಒತ್ತುತ್ತಿದ್ದ. ಆ ಸೀಟಿನಲ್ಲಿ ಆಗ ಯಾರು ಕೂತಿದ್ದಾರೆ ಎಂದು ನೋಡುವುದು ಅವನ ಕೆಲಸವಾಗಿರಲಿಲ್ಲ.

ನನ್ನ ಮೊದಲ ಯಜಮಾನನಿಗೆ ಎಲೆಅಡಿಕೆ ಚಟ. ಅವನು 'ಜನಪರ' ಎಂದಾಗಲೆಲ್ಲ ನನ್ನ ಮುಖಕ್ಕೆ ಕೆಂಪು ಹನಿ ಬೀಳುತ್ತಿತ್ತು. ಜನರನ್ನು ಹತ್ತು ವರ್ಷ ಜೈಲಿಗೆ ಹಾಕುವ ಕಾನೂನು ನಾಲ್ಕು ನಿಮಿಷದಲ್ಲಿ ಪಾಸಾದದ್ದನ್ನು ಕೇಳಿದ್ದೇನೆ. ಆಸ್ಪತ್ರೆಗಳ ಮೇಲಿನ ಚರ್ಚೆ ಶುರುವಾದರೆ ಅರ್ಧ ಸದನ ಎದ್ದು ಕಾಫಿಗೆ ಹೋಗುತ್ತಿತ್ತು. ಹೇಸಿಗೆ ಎನ್ನುವ ಪದದ ಅರ್ಥ ನಾನು ಅಲ್ಲಿ ಕಲಿತೆ.

ಎರಡನೆಯ ಯಜಮಾನರು ಡಾಕ್ಟರ್ ಗಣಾಚಾರಿ. ಉತ್ತರದ ಕಡೆಯ ಒಂದು ತಾಲೂಕಿನಲ್ಲಿ ಮೂವತ್ತು ವರ್ಷ ಸೂಜಿ ಚುಚ್ಚಿ, ವಿರೋಧ ಪಕ್ಷದಿಂದ ಗೆದ್ದು ಬಂದವರು. ಮಾತಾಡುವ ಮುಂಚೆ ಕರ್ಚೀಫಿನಿಂದ ನನ್ನನ್ನು ಒರೆಸುತ್ತಿದ್ದರು. ಅವರನ್ನು ಕಂಡರೆ ನನಗೆ ಪ್ರೀತಿ.

ಅವರ ಕಾಲದಲ್ಲಿ ಒಂದು ವಿಧೇಯಕ ಬಂತು. ಅದರ ಏಳನೇ ಖಂಡ ಹೀಗಿತ್ತು: ಪೊಲೀಸರು ಹಿಡಿದ ವ್ಯಕ್ತಿಗೆ ಕಾಯಿಲೆಯಿದ್ದರೆ ಆರು ಗಂಟೆಯೊಳಗೆ ಸರ್ಕಾರಿ ವೈದ್ಯರಿಂದ ತಪಾಸಣೆ 'ಮಾಡಿಸಬಹುದು'. ಡಾಕ್ಟರು ತಿದ್ದುಪಡಿ ಕೊಟ್ಟರು. 'ಮಾಡಿಸಬಹುದು' ತೆಗೆದು 'ಮಾಡಿಸತಕ್ಕದ್ದು' ಎಂದಾಗಬೇಕು. ಕೇಳಿದ್ದು ಅಷ್ಟೇ.

ಅದು ಮತಕ್ಕೆ ಬರುವ ಹಿಂದಿನ ದಿನದ ಚರ್ಚೆಯಲ್ಲಿ ಅವರು ನನ್ನ ಮುಂದೆ ನಿಂತು ಹೇಳಿದರು: "ನಮ್ಮೂರಾಗ ಫಕೀರವ್ವ ಅಂತ ಅದಾಳ್ರಿ. ಆಕಿ ದೊಡ್ಡ ಮಗ ದುರಗಪ್ಪಗ ಮೂರ್ಛೆ ರೋಗ. ಸಂತ್ಯಾಗ ಜಗಳಾಡಿದಾ ಅಂತ ಠಾಣೆಗೆ ಒಯ್ದ್ರು. ಎರಡ ದಿನ ಗುಳಿಗಿ ಇಲ್ಲ, ಡಾಕ್ಟರ್ ಇಲ್ಲ. ಒಳಗ ಸತ್ತ. ಆಕಿ ನನಗ ಒಂದ ಮಾತ ಕೇಳಿದ್ಳ್ರಿ, ಸಣ್ಣಾವಗೂ ಅದ ಬ್ಯಾನಿ ಐತಿ, ನಾಳೆ ಅವನ್ನೂ ಒಯ್ದ್ರ ಏನ್ ಮಾಡ್ಲಿ ಸಾಹೇಬ್ರ ಅಂತ."

ಮರುದಿನ ಫಕೀರವ್ವ ತಾನೇ ಪಾಸು ಮಾಡಿಸಿಕೊಂಡು ಮೇಲಿನ ಗ್ಯಾಲರಿಯಲ್ಲಿ ಬಂದು ಕೂತಳು. ಡಾಕ್ಟರು ಅವಳತ್ತ ಒಂದು ಸಲ ಕೈ ಎತ್ತಿದರು.

ಕೆಳಗೆ ಆ ಹೊತ್ತಿಗೆ ಸಭಾಧ್ಯಕ್ಷರ ಮುಂದೆ ಹತ್ತಾರು ಜನ ನಿಂತು ಧಿಕ್ಕಾರ ಕೂಗುತ್ತಿದ್ದರು. ಯಾವುದೋ ಶಂಕುಸ್ಥಾಪನೆಯ ಕಲ್ಲಿನಲ್ಲಿ ಒಬ್ಬ ಸದಸ್ಯನ ಹೆಸರು ಕೆಳಗೆ ಬಂದಿತ್ತಂತೆ. ಕಾನೂನು ಮಂತ್ರಿ ಕೈಸನ್ನೆ ಮಾಡಿದರೆಂದು ಡಾಕ್ಟರು ಎದ್ದು ಅವರ ಸೀಟಿನ ಹತ್ತಿರ ಹೋದರು. ಖಾಲಿ ಸೀಟು ಕಂಡದ್ದೇ ತಡ, ಆಡಳಿತ ಪಕ್ಷದ ಹೊನ್ನೇಶ್ ಬಂದು ನನ್ನ ಮುಂದೆ ಕೂತರು. ಪಕ್ಕದ ಸದಸ್ಯರೊಂದಿಗೆ ಅವರಿಗೆ ಊಟದ ಮಾತಿತ್ತು.

"ಖಂಡ ಏಳಕ್ಕೆ ಡಾಕ್ಟರ್ ಗಣಾಚಾರಿಯವರ ತಿದ್ದುಪಡಿ. ಮಂಡಿಸ್ತೀರಾ?" ಎಂದರು ಸಭಾಧ್ಯಕ್ಷರು, ಕಾಗದದಿಂದ ಕಣ್ಣೆತ್ತದೆ.

ಮೇಲಿನವನು ನಂಬರು ಒತ್ತಿದ. ನನ್ನ ಕೆಂಪು ದೀಪ ಹೊತ್ತಿಕೊಂಡಿತು.

"ನಾಟಿ ಕೋಳಿ ನಿಮಗೂ ಹೇಳ್ಲಾ?" ಎಂದು ಪಕ್ಕದವರು ಕಿವಿಯಲ್ಲಿ ಕೇಳಿದರು.

"ಬ್ಯಾಡ ಬುಡಣ್ಣ" ಎಂದರು ಹೊನ್ನೇಶ್.

ಪಿಸುಮಾತು ನನ್ನಿಂದಾಚೆ ಹೋಗಲಿಲ್ಲ. ಉತ್ತರ ಮಾತ್ರ ನನ್ನ ಬಾಯಿಂದ ಇಡೀ ಸದನಕ್ಕೆ ಕೇಳಿಸಿತು. ಮಂತ್ರಿಯ ಪಕ್ಕದಿಂದ ಡಾಕ್ಟರು ಕೈ ಬೀಸಿ "ಮಂಡಿಸ್ತೀನ್ರೀ!" ಎಂದು ಕೂಗಿದ್ದು ಧಿಕ್ಕಾರದಲ್ಲಿ ಮುಳುಗಿಹೋಯಿತು. "ತಿದ್ದುಪಡಿ ವಾಪಸ್. ಖಂಡ ಏಳರ ಪರವಾಗಿರುವವರು ಹೌದು ಎನ್ನಿ" ಎಂದರು ಸಭಾಧ್ಯಕ್ಷರು. "ಹೌದು" ಎಂದಿತು ಸದನ. ಯಾತಕ್ಕೆ ಎಂದು ಕೇಳಿದ್ದರೆ ಹತ್ತು ಜನಕ್ಕೂ ಗೊತ್ತಿರಲಿಲ್ಲ.

ಫಕೀರವ್ವ ಗ್ಯಾಲರಿಯಲ್ಲಿ ಎದ್ದು ನಿಂತಳು. "ಯಾಂವ ಅಂವ ಬ್ಯಾಡ ಅಂದಾಂವ? ನಮ್ಮ ಡಾಕ್ಟರು ಅಲ್ಲಿ ನಿಂತಾರಲ್ರೋ!" ಮೇಲೆ ಕೂತ ಅಷ್ಟು ಜನರಲ್ಲಿ ನಡೆದದ್ದನ್ನು ಕಂಡವಳು ಅವಳೊಬ್ಬಳೇ. ಮಾರ್ಷಲ್‌ಗಳು ರಟ್ಟೆ ಹಿಡಿದು ಹೊರಗೆ ಕರೆದೊಯ್ದರು. ಗ್ಯಾಲರಿಯ ಮಾತು ಕಡತಕ್ಕೆ ಹೋಗಕೂಡದು ಎಂದು ಸಭಾಧ್ಯಕ್ಷರು ಅಪ್ಪಣೆ ಮಾಡಿದರು.

ಮಧ್ಯಾಹ್ನ ಡಾಕ್ಟರು ನನ್ನನ್ನು ಒರೆಸದೆಯೇ ಮಾತಿಗೆ ನಿಂತರು. "ಅದು ನನ್ನ ಮಾತಲ್ರಿ. ನಮ್ಮ ಕಡೆ ಯಾರೂ ಬುಡು ಅನ್ನೂದಿಲ್ಲ. ನಡಾವಳಿ ತರಸ್ರಿ, ನೋಡ್ರಿ."

ನಡಾವಳಿ ಬಂತು. ಆ ಸದನದಲ್ಲಿ ಒಂದು ಪದ್ಧತಿಯಿದೆ. ಸದಸ್ಯರು ಯಾವ ಆಡುಮಾತಿನಲ್ಲಿ ಮಾತಾಡಲಿ, ವರದಿಗಾರರು ಅದನ್ನು ತಿದ್ದಿ ಪುಸ್ತಕದ ಕನ್ನಡಕ್ಕೆ ತರುತ್ತಾರೆ. ಹಾಳೆಯಲ್ಲಿ ಹೀಗಿತ್ತು: 'ಡಾ. ಗಣಾಚಾರಿ: ಬೇಡ, ಬಿಡಿ.'

"ಬುಡು ಎಲ್ಲಿದೆ ಡಾಕ್ಟರೇ? ಬಿಡಿ ಅಂತಲೇ ಇದೆಯಲ್ಲ?" ಎಂದರು ಸಭಾಧ್ಯಕ್ಷರು. ಸದನ ಮೇಜು ಕುಟ್ಟಿ ನಕ್ಕಿತು. ಹೊನ್ನೇಶ್ ಎಲ್ಲರಿಗಿಂತ ಜೋರಾಗಿ ನಕ್ಕರು. ಅದು ತಮ್ಮ ಮಾತು ಎಂದು ಅವರಿಗೆ ಗೊತ್ತಿತ್ತು. ಎದ್ದು ಹೇಳಿದ್ದರೆ ಒಂದು ನಿಮಿಷದ ಕೆಲಸ. ಥೂ! ಉಗುಳಲು ನನಗೆ ಬಾಯಿದ್ದೂ ಬರಲಿಲ್ಲ.

ಮುಂದಿನ ಚುನಾವಣೆಯಲ್ಲಿ ಡಾಕ್ಟರು ಸೋತರು. ಹೊಸ ಮೈಕುಗಳು ಬಂದವು. ನನ್ನ ಸ್ಕ್ರೂ ಬಿಚ್ಚಿ ನೆಲಮಾಳಿಗೆಯ ಉಗ್ರಾಣಕ್ಕೆ ಎಸೆದರು. ಮುರಿದ ಕುರ್ಚಿಗಳ ನಡುವೆ ಬಿದ್ದಿದ್ದೇನೆ. ಇಲ್ಲಿಯೂ ನೆಮ್ಮದಿಯಿಲ್ಲ. ಗೋಡೆಯ ಮೇಲೊಂದು ಧ್ವನಿಪೆಟ್ಟಿಗೆಯಿದೆ, ಸದನದ ಕಲಾಪವೆಲ್ಲ ಅದರಲ್ಲಿ ಬರುತ್ತದೆ.

ಮೊನ್ನೆ ಒಬ್ಬ ಹೊಸ ಸದಸ್ಯೆ ಪ್ರಶ್ನೆ ಕೇಳಿದಳು. ವೈದ್ಯರ ತಪಾಸಣೆಯಿಲ್ಲದೆ ಠಾಣೆಗಳಲ್ಲಿ ಈ ಐದು ವರ್ಷ ಎಷ್ಟು ಜನ ಸತ್ತಿದ್ದಾರೆ, ಅವರ ಹೆಸರೇನು?

ಉತ್ತರ ಕೊಟ್ಟವರು ಆರೋಗ್ಯ ಮಂತ್ರಿ. ಆ ದನಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಹೊನ್ನೇಶ್ ಈಗ ಮಂತ್ರಿ.

"ತಪಾಸಣೆ ಕಡ್ಡಾಯ ಅಲ್ಲದ ಕಾರಣ ಅಂಥ ಮಾಹಿತಿ ಇಟ್ಟಿಲ್ಲ."

"ಕಡ್ಡಾಯ ಯಾಕೆ ಮಾಡಲಿಲ್ಲ ಸ್ವಾಮಿ?"

"ತಿದ್ದುಪಡಿ ಕೊಟ್ಟಿದ್ದ ಸದಸ್ಯರೇ ವಾಪಸ್ ತಗೊಂಡವ್ರೆ. ನಡಾವಳಿ ತೆಗೆದು ನೋಡ್ಕಳಿ."

ಮೇಜು ಕುಟ್ಟಿದ ಸದ್ದು ಕೇಳಿಸಿತು. ಬಂದದ್ದನ್ನು ದೊಡ್ಡದು ಮಾಡುವುದಷ್ಟೇ ನನ್ನ ಕೆಲಸ, ತಪ್ಪು ನನ್ನದಲ್ಲ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಈಗ ನನ್ನನ್ನು ಕಂಡರೆ ನನಗೇ ಅಸಹ್ಯ. ಫಕೀರವ್ವನ ಸಣ್ಣ ಮಗ ಬದುಕಿದ್ದಾನೋ, ಅವನನ್ನೂ ಒಯ್ದರೋ, ನನಗೆ ಗೊತ್ತಿಲ್ಲ. ಗೊತ್ತಿರಬೇಕಾದವರು ಬರೆದಿಟ್ಟಿಲ್ಲ.