ಹೆಸರು ಅದೇ, ಹೆಬ್ಬೆಟ್ಟು ಬೇರೆ

ಕಾಫಿ ಬೆಳೆಗಾರರ ಮನೆಗಳಲ್ಲಿ, ತೋಟಕ್ಕೆ ಬಿದ್ದ ಮಳೆಯನ್ನು ಅಳೆದು ಬರೆದಿಡುವುದು ವಾಡಿಕೆ. ಕೆ. ಹೊಸಕೋಟೆಯ ಲಿಂಗಪ್ಪನವರ ಇಪ್ಪತ್ತೆಂಟು ವರ್ಷದ ಮಳೆ ಪುಸ್ತಕಗಳಿಗೆ ಗೆದ್ದಲು ಹಿಡಿದಾಗ, ಹೆಂಡತಿ ಪಾರ್ವತಮ್ಮ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ್ದರು. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಯಾವತ್ತು ಬಿತ್ತು, ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಷ್ಟು, ಎಲ್ಲ ಅದರಲ್ಲೇ. ಪುಸ್ತಕಗಳು ಒಲೆ ಸೇರಿದ್ದವು.

2007ರ ಬೇಸಿಗೆಯಲ್ಲಿ ಕಂಪ್ಯೂಟರ್ ಹಟ ಹಿಡಿಯಿತು. ತಾನಾಗಿ ಆರುವುದು, ತಾನಾಗಿ ಹೊತ್ತಿಕೊಳ್ಳುವುದು. ರಿಪೇರಿಯವನು ನೋಡಿ, "ವೈರಸ್ ಕಣ್ರೀ, ಎಲ್ಲಾ ಅಳಿಸ್ಬೇಕು" ಎಂದುಬಿಟ್ಟ. ಮಳೆಯ ಲೆಕ್ಕವೂ ಹೋಗುತ್ತದಲ್ಲ ಎಂದು ಪಾರ್ವತಮ್ಮ ಅಳಿಸಲು ಬಿಡಲಿಲ್ಲ.

ಆಲೂರಿನಲ್ಲಿ ಕಂಪ್ಯೂಟರ್ ಕಲಿಸುವ ಸುಮನಾಳಿಗೆ ಹೇಳಿ ಕಳಿಸಿದರು. ಅವಳು ಒಂದು ಸಿ.ಡಿ. ಹಿಡಿದು ಬಂದಳು.

"ಹೊಸದೇನಾದ್ರೂ ಹಾಕಿದ್ರಾ ಅಣ್ಣ?"

"ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್ ಕಣಮ್ಮ. ಮೆಣಸಿನ ಬಳ್ಳಿ ಇಸ್ಕೊಂಡಂಗೆ ಪಕ್ಕದ ತೋಟದೋರ ಹತ್ರ ಸಿ.ಡಿ. ಇಸ್ಕೊಂಡೆ. ಹೆಸರು ಸರಿಯಾಗೇ ಐತೆ, ನೋಡು," ಎಂದರು ಲಿಂಗಪ್ಪ.

"ಗೊಬ್ಬರದ ಹಳೇ ಚೀಲಕ್ಕೆ ನೀವು ಮೆಣಸು ತುಂಬಲ್ವಾ? ಮೇಲಿನ ಹೆಸರು ನೋಡಿ ಒಳಗಿರೋದು ಗೊಬ್ಬರ ಅನ್ನಕ್ಕಾಯ್ತದಾ?"

"ಹಂಗಾದ್ರೆ ಒಳಗೇನೈತೆ ಅಂತ ತಿಳಿಯೋದು ಹೆಂಗಮ್ಮ?" ಎಂದರು ಲಿಂಗಪ್ಪ.

ಸುಮನಾ ಬಿಡಿಸಿ ಹೇಳಿದಳು. ಫೈಲಿನೊಳಗೆ ಇರುವುದನ್ನೆಲ್ಲ ಲೆಕ್ಕಕ್ಕೆ ಹಿಡಿದು ಕಂಪ್ಯೂಟರ್ ಒಂದು ಉದ್ದನೆಯ ಗುರುತು ಕೊಡುತ್ತದೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಅದು ಫೈಲಿನ ಹೆಬ್ಬೆಟ್ಟು. ಹೆಸರು ಅದೇ ಇದ್ದರೂ ಒಳಗೆ ಒಂದಕ್ಷರ ಬದಲಾದರೆ ಹೆಬ್ಬೆಟ್ಟೇ ಬೇರೆಯಾಗುತ್ತದೆ. ಅಸಲಿ ಸಾಫ್ಟ್‌ವೇರುಗಳ ಹೆಬ್ಬೆಟ್ಟಿನ ಪಟ್ಟಿ ಅವಳ ಸಿ.ಡಿ.ಯಲ್ಲಿತ್ತು.

ವೈರಸ್ ಅಡ್ಡ ಬಾರದಿರಲೆಂದು ಆ ಸಿ.ಡಿ.ಯಿಂದಲೇ ಕಂಪ್ಯೂಟರ್ ಶುರು ಮಾಡಿ ತಾಳೆ ನೋಡಿದಳು. ಸಾವಿರಾರು ಫೈಲುಗಳು ಪಟ್ಟಿಗೆ ಹೊಂದಿದವು. ಅವುಗಳ ಗೊಡವೆ ಬೇಡವೆಂದಳು. ಹೊಂದದೆ ಉಳಿದದ್ದು ಬೆರಳೆಣಿಕೆಯಷ್ಟು. ಅದರಲ್ಲಿ ಇಸ್ಕೊಂಡು ಬಂದ ಸಾಫ್ಟ್‌ವೇರೂ ಇತ್ತು, ಮಳೆಯ ಫೈಲೂ ಇತ್ತು.

"ಅಯ್ಯೋ, ನನ್ನ ಮಳೆ ಫೈಲನ್ನೂ ಅಳಿಸ್ಬುಡ್ತೀಯಾ?" ಎಂದು ಪಾರ್ವತಮ್ಮ ಅಡ್ಡ ಬಂದರು.

"ಇಲ್ಲಕ್ಕ. ಪಟ್ಟಿಲಿ ಇಲ್ಲ ಅಂದ್ರೆ ಪರಿಚಯ ಇಲ್ಲ ಅಂತಷ್ಟೆ, ಕಳ್ಳ ಅಂತಲ್ಲ. ನೀವು ಕೈಯಾರೆ ಬರ್ದಿದ್ದು ಯಾರ ಪಟ್ಟಿಲಿರ್ತದೆ? ಆದ್ರೆ ಈ ಸಾಫ್ಟ್‌ವೇರಿನ ಅಸಲಿ ಹೆಬ್ಬೆಟ್ಟು ಪಟ್ಟಿಲೈತೆ, ಇದು ಅದಕ್ಕೆ ಹೊಂದ್ತಿಲ್ಲ. ಯಾರೋ ಕೈಯಾಡ್ಸವ್ರೆ."

ಅದನ್ನು ಕಿತ್ತು, ತಯಾರಿಸಿದವರಿಂದಲೇ ಅಸಲಿಯನ್ನು ತರಿಸಿ ಹಾಕಿದ ಮೇಲೆ ಕಂಪ್ಯೂಟರ್ ತೆಪ್ಪಗೆ ಕೆಲಸ ಮಾಡತೊಡಗಿತು. ಪಾರ್ವತಮ್ಮ ಮಳೆಯ ಫೈಲು ತೆರೆದು, ಒಂದೊಂದೇ ವರ್ಷವನ್ನು ಗಟ್ಟಿಯಾಗಿ ಓದುತ್ತ ಹೋದರು. ಒಂದು ಸೆಂಟೂ ಕಳೆದಿರಲಿಲ್ಲ. ಅವರಿಗೆ ಹೋದ ಜೀವ ಬಂದಂತಾಯಿತು.

"ಇನ್ಮೇಲೆ ಹೆಬ್ಬೆಟ್ಟು ಹೊಂದ್ದೆ ಯಾವ ಸಿ.ಡಿ.ನೂ ಹಾಕಲ್ಲ ಕಣಮ್ಮ," ಎಂದರು ಲಿಂಗಪ್ಪ.

ಅಕ್ಕ ಅಣ್ಣಂದಿರೇ, ಹೆಸರು ನೋಡಿ ಸಾಫ್ಟ್‌ವೇರ್ ನಂಬಬೇಡಿ. ತಯಾರಿಸಿದವರು ಕೊಟ್ಟ ಹ್ಯಾಶಿನೊಂದಿಗೆ ತಾಳೆ ನೋಡಿ, ತಿಳಿಯದಿದ್ದರೆ ಬಲ್ಲವರನ್ನು ಕೇಳಿ. ನೀವೇ ಬರೆದದ್ದರ ಇನ್ನೊಂದು ಪ್ರತಿಯನ್ನು ಇವತ್ತೇ ತೆಗೆದಿಡಿ. ಸಾಫ್ಟ್‌ವೇರನ್ನು ಮತ್ತೆ ತರಬಹುದು, ಬಿದ್ದುಹೋದ ಮಳೆಯನ್ನು ಮತ್ತೆ ಅಳೆಯಲಾಗದು.