ಬೇರೆ ಮುಂಗುಸಿ

"ಹಲೋ, ಹಲೋ... ಮಕ್ಕಳೇ, ಗಲಾಟೆ ನಿಲ್ಲಿಸ್ತೀರೋ, ಇಲ್ಲ ಲೈಟ್ ಹಾಕಿಸಿ ಎಲ್ಲರನ್ನೂ ವಾಪಸ್ ಕ್ಲಾಸಿಗೆ ಕಳಿಸ್ಲೋ?"

ಪರದೆಯ ಪಕ್ಕದಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತಿದ್ದ ಪಟ್ಟಾಭಿರಾಮ ಮೇಷ್ಟ್ರು ಮೈಕಿನಲ್ಲಿ ಗದರಿದ್ದೇ ತಡ, ಟಾಕೀಸು ತುಂಬ ಇದ್ದ ಮಕ್ಕಳು ಗಪ್‌ಚಿಪ್ಪಾದರು. ಹೊಳೆನರಸೀಪುರದಲ್ಲಿ ಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಾರ್ಟೂನ್ ಸಿನಿಮಾ ತೋರಿಸುವ ಕ್ರಮವೇ ಹಾಗೆ. ಮೇಲೆ ಪ್ರಾಣಿಗಳು ಇಂಗ್ಲಿಷಿನಲ್ಲಿ ಮಾತಾಡುತ್ತವೆ, ಕೆಳಗೆ ಇಂಗ್ಲಿಷ್ ಮೇಷ್ಟ್ರು ಮೈಕಿನಲ್ಲಿ ಕನ್ನಡ ಹೇಳುತ್ತಾರೆ. ಆ ಪ್ರಾಣಿಗಳ ಇಂಗ್ಲಿಷ್ ಮೇಷ್ಟ್ರಿಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹಾಗಂತ ತಡವರಿಸುವ ಜಾಯಮಾನ ಅವರದಲ್ಲ. ತಿಳಿಯದ ಕಡೆ ತಮಗೆ ತೋಚಿದ್ದನ್ನೇ ದರ್ಪದಿಂದ ಹೇಳಿಬಿಡುವರು. ಮಕ್ಕಳಿಗೆ ಅದೇ ಕಥೆ, ಮಕ್ಕಳ ಬಾಯಿಂದ ಊರಿಗೂ ಅದೇ ಕಥೆ.

ಹಿಂದಿನ ಸಾಲಿನಲ್ಲಿ ಅವರ ಮಗಳು ತನ್ಮಯಿ ಕೂತಿದ್ದಳು. ಹಾಸನದ ಕಾಲೇಜಿನಲ್ಲಿ ಓದುವವಳು, ಇವತ್ತಿಗೆಂದೇ ರಜ ಹಾಕಿ ಬಂದಿದ್ದಳು. ಪಕ್ಕದಲ್ಲಿ ಯಮುನಾ, ಯಮುನಾಳ ತೊಡೆಯ ಮೇಲೆ ಎರಡು ವರ್ಷದ ಮಗಳು. ಎಂಟನೇ ಕ್ಲಾಸಿನಲ್ಲಿ ಒಂದೇ ಬೆಂಚಿಗೆ ಅಂಟಿಕೊಂಡಿದ್ದ ಈ ಇಬ್ಬರು ಹೀಗೆ ಪಕ್ಕಪಕ್ಕ ಕೂತು ಏಳು ವರ್ಷವಾಗಿತ್ತು.

"ನಿಮ್ಮಪ್ಪಾರ ದನಿ ಇನ್ನೂ ಅಂಗೇ ಅದೆ ಕಣಮ್ಮಿ," ಎಂದಳು ಯಮುನಾ.

ತನ್ಮಯಿ ನಗಲು ನೋಡಿದಳು, ಆಗಲಿಲ್ಲ.

ಏಳು ವರ್ಷದ ಹಿಂದೆ ಇದೇ ಟಾಕೀಸಿನಲ್ಲಿ ಈ ಸಿನಿಮಾದ ಮೊದಲನೇ ಭಾಗ ಬಂದಿತ್ತು. ಗೂಢಚಾರ ಅಳಿಲು, ಅದರ ಜೀವದ ಗೆಳೆಯ ಒಂದು ಚರಂಡಿಯ ಪ್ರಾಣಿ. ಅದು ನಿಜಕ್ಕೂ ಯಾವ ಪ್ರಾಣಿಯೋ ಆ ದೇವರಿಗೇ ಗೊತ್ತು. ಮೇಷ್ಟ್ರು ಮುಂಗುಸಿ ಅಂದರು, ಊರಿಗೆ ಅದು ಮುಂಗುಸಿಯಾಯಿತು. ಕೊನೆಯಲ್ಲಿ ಮುಂಗುಸಿ ಅಳಿಲನ್ನು ಬಿಟ್ಟು ವೈರಿ ನರಿಯ ಗುಹೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಯಾಕೆ ಹೋಯಿತೆಂದು ಅದು ಅಳಿಲಿನ ಕಿವಿಯಲ್ಲಿ ಹೇಳಿಯೇ ಹೋಗಿತ್ತು. ಆದರೆ ಅದು ಮೇಷ್ಟ್ರಿಗೆ ತಿಳಿಯುವ ಇಂಗ್ಲಿಷಲ್ಲ. "ನೋಡಿದ್ರಾ ಮಕ್ಕಳೇ, ಮೋಸ! ಚರಂಡೀಲಿ ಹುಟ್ಟಿದ್ದನ್ನ ಎಷ್ಟು ಮುದ್ದು ಮಾಡಿ ಮನೇಲಿಟ್ಕೊಂಡ್ರೂ ಅದರ ಬುದ್ಧಿ ಬಿಡಲ್ಲ," ಎಂದು ಅಪ್ಪಣೆ ಕೊಡಿಸಿದರು.

ಅದಾದ ಸ್ವಲ್ಪ ದಿನಕ್ಕೇ ಸ್ಕೂಲಿಗೆ ಇನ್‌ಸ್ಪೆಕ್ಷನ್ ಬಂತು. ಬಂದ ಸಾಹೇಬರು ತನ್ಮಯಿಯನ್ನು ಬಾಗಿಲ ಹತ್ತಿರ ಕರೆದು, "ಇಂಗ್ಲಿಷ್ ಇಷ್ಟು ಚೆನ್ನಾಗಿ ಯಾರಮ್ಮ ಕಲಿಸಿದ್ದು?" ಎಂದು ಬೆನ್ನು ತಟ್ಟಿದರು. ಹುಡುಗಿ ಉಬ್ಬಿಹೋಗಿ, "ನಮ್ಮಪ್ಪ ಸಾರ್! ದಿನಾ ಬೆಳಿಗ್ಗೆ ನಮ್ಮನೇಲೇ ಕ್ಲಾಸಿನೋರಿಗೆಲ್ಲ ಟ್ಯೂಷನ್ ಮಾಡ್ತಾರೆ," ಎಂದಳು. ಮೇಷ್ಟ್ರುಗಳು ಮನೆಯಲ್ಲಿ ಟ್ಯೂಷನ್ ಮಾಡಕೂಡದೆಂಬುದು ಅವಳಿಗೇನು ಗೊತ್ತು? ಮೇಷ್ಟ್ರಿಗೆ ಮೆಮೊ ಬಂತು, ಬಡ್ತಿ ನಿಂತಿತು. ಚಾಡಿ ಹೇಳಿದವರು ಯಾರೆಂದು ಅವರು ಹೆಚ್ಚು ಯೋಚಿಸಲೂ ಇಲ್ಲ. ದಿನಾ ಬೆಳಿಗ್ಗೆ ಮನೆಗೆ ಹಾಲು ತಂದುಕೊಟ್ಟು, ಜಗುಲಿಯ ಅಂಚಿನಲ್ಲಿ ಕೂತು ಪಾಠ ಕೇಳಿಸಿಕೊಂಡು ಹೋಗುತ್ತಿದ್ದವಳು ಮಾದಯ್ಯನ ಮಗಳು ಯಮುನಾ. ಮಾರನೆಯ ದಿನ ಕ್ಲಾಸಿನಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ, "ಇವಳೇ ಕಣ್ರೋ ನಮ್ಮನೆ ಮುಂಗುಸಿ," ಎಂದರು.

ಅಷ್ಟು ಸಾಕಾಯಿತು. ಕ್ಲಾಸಿನಲ್ಲಿ ಮುಂಗುಸಿ, ನಲ್ಲಿಯ ಹತ್ತಿರ ಮುಂಗುಸಿ, ಬಸ್‌ಸ್ಟ್ಯಾಂಡಿನಲ್ಲೂ ಮುಂಗುಸಿ. ಒಂಬತ್ತನೇ ಕ್ಲಾಸಿನ ನಡುವೆ ಯಮುನಾ ಸ್ಕೂಲು ಬಿಟ್ಟಳು. ಹದಿನೇಳಕ್ಕೆ ಹಳೇಕೋಟೆಗೆ ಮದುವೆಯಾಗಿ ಹೋದಳು. ತನ್ಮಯಿ ಬಾಯಿ ಬಿಡಲಿಲ್ಲ. ಅಪ್ಪ ಚರ್ಮ ಸುಲಿಯುತ್ತಾರೆಂಬ ಭಯ ಮೊದಲು. ಭಯ ಹೋದಮೇಲೆ ನಾಚಿಕೆ. ಇವಳೂ ಒಬ್ಬ ಗೆಳತಿ!

ಹೋದ ತಿಂಗಳು ಹಾಸನದಲ್ಲಿ ಅವಳು ಎರಡನೇ ಭಾಗ ನೋಡಿದಳು. ಮುಂಗುಸಿ ಮೋಸಗಾರನಲ್ಲ. ಗೆಳೆಯನಿಗಾಗಿ ಕೆಟ್ಟ ಹೆಸರು ಹೊತ್ತು ವೈರಿಯ ಗುಹೆಯಲ್ಲಿದ್ದ ಗೂಢಚಾರ. ಅಲ್ಲೇ ಕತ್ತಲಲ್ಲಿ ಕೂತು ಅವಳು ಉಪಾಯ ಹೂಡಿದಳು. ಊರಿನ ಟಾಕೀಸಿಗೂ ಇದು ಬರುತ್ತದೆ, ಅಪ್ಪನೇ ಮೈಕಿನಲ್ಲಿ ಹೇಳಬೇಕಾಗುತ್ತದೆ, ಆಗ ಯಮುನಾ ಅಲ್ಲಿರಬೇಕು. ಮುಂಗುಸಿಯ ಹೆಸರು ತೊಳೆದರೆ ಯಮುನಾಳದೂ ತೊಳೆದಂತೆಯೇ. ಗೆಳತಿ ಮತ್ತೆ ಗೆಳತಿಯಾಗುತ್ತಾಳೆ, ತಾನು ಮಾತ್ರ ಒಂದು ಮಾತೂ ಆಡಬೇಕಾಗಿಲ್ಲ. ಎಂಥ ಸಲೀಸು ನೋಡಿ! ಹಳೇಕೋಟೆಗೆ ಹೇಳಿಕಳಿಸಿ ಯಮುನಾಳನ್ನು ಸಿನಿಮಾಕ್ಕೆ ಕರೆಸಿಯೂಬಿಟ್ಟಳು.

ಇವತ್ತು ಬೆಳಿಗ್ಗೆ ಕಾಫಿ ಕೊಡುವಾಗ ಅಪ್ಪನಿಗೆ ಹೇಳಿಯೂ ಇದ್ದಳು. "ಅಪ್ಪಾ, ಇದರಲ್ಲಿ ಆ ಮುಂಗುಸಿ ಒಳ್ಳೇದು ಅಂತ ಬರುತ್ತೆ. ಬೇಕೂಂತಲೇ ಆ ಕಡೆ ಹೋಗಿರುತ್ತೆ. ಹಾಗೇ ಹೇಳಿಬಿಡಿ."

"ಏನೇ, ನಂಗೇ ಇಂಗ್ಲಿಷ್ ಹೇಳಿಕೊಡಕ್ಕೆ ಬಂದ್ಯಾ?" ಎಂದು ಅವರು ಲೋಟ ಕೆಳಗಿಟ್ಟಿದ್ದರು.

ಟಾಕೀಸಿನ ಬಾಗಿಲಲ್ಲಿ ಯಮುನಾಳನ್ನು ಕಂಡು ಒಂದು ಗಳಿಗೆ ನಿಂತಿದ್ದರು. ನಮಸ್ಕಾರಕ್ಕೆ ತಲೆಯಾಡಿಸಿ ಒಳಗೆ ಹೋಗಿದ್ದರು, ಅಷ್ಟೆ.

ಸಿನಿಮಾ ಓಡಿತು. ಅಳಿಲು ವಿಮಾನದಿಂದ ಹಾರಿತು, ಮಕ್ಕಳು ಕೇಕೆ ಹಾಕಿದರು. ಯಮುನಾಳ ಮಗಳು ಪರದೆಯತ್ತ ಕೈಚಾಚಿ, "ಅವ್ವಾ, ಅಲಿಲು!" ಎಂದಿತು. ಕೊನೆಗೆ ಗುಹೆಯ ಹಿಂಬಾಗಿಲು ತೆರೆಯಿತು. ಹೊಗೆಯೊಳಗಿಂದ ಮುಂಗುಸಿ ಹೊರಗೆ ಬಂತು. ಅಳಿಲು ಓಡಿಹೋಗಿ ಅದನ್ನು ತಬ್ಬಿಕೊಂಡು ಗಳಗಳನೆ ಅತ್ತಿತು. ತನ್ಮಯಿ ಯಮುನಾಳ ಕೈ ಹಿಡಿದುಕೊಂಡಳು. ಮೈಕಿನಲ್ಲಿ ಮಾತಿಲ್ಲ.

"ಸಾ, ಮುಂಗ್ಸಿ ಒಳ್ಳೇದಾ ಸಾ?" ಮುಂದಿನ ಸಾಲಿನಿಂದ ಯಾರೋ ಕೂಗಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮಕ್ಕಳೇ, ಸರಿಯಾಗಿ ಕೇಳಿಸ್ಕೊಳ್ಳಿ. ಇದು ಬೇರೆ ಮುಂಗುಸಿ. ಅವತ್ತು ಮೋಸ ಮಾಡ್ತಲ್ಲ, ಅದು ಸತ್ತುಹೋಯ್ತು. ಇದು ಒಳ್ಳೇ ಮನೆತನದ್ದು."

ಮಕ್ಕಳು ಚಪ್ಪಾಳೆ ತಟ್ಟಿದರು. ಒಳ್ಳೇ ಮನೆತನದ ಮುಂಗುಸಿಗೆ ಪರದೆಯ ಮೇಲೆ ಪದಕ ಹಾಕಿದರು.

ತನ್ಮಯಿಯ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, ಸುಳ್ಳು, ಇದು ಅದೇ ಮುಂಗುಸಿ ಎಂದು ಕೂಗಬೇಕೆನ್ನಿಸಿತು. ಯಮುನಾ ಅವಳ ಮುಖವನ್ನೇ ನೋಡುತ್ತಿದ್ದಳು. ತನ್ಮಯಿ ಸೀರೆಯ ಸೆರಗು ಸರಿಮಾಡಿಕೊಂಡಳು, ಕೂತೇ ಇದ್ದಳು. ಲೈಟು ಬಂತು.

ಹೊರಗೆ ಮೇಷ್ಟ್ರು ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದರು. ಯಮುನಾಳನ್ನು ನೋಡಿ, "ಏನಮ್ಮ, ಕಥೆ ಅರ್ಥ ಆಯ್ತಾ?" ಎಂದರು.

"ಆಯ್ತು ಸಾ," ಎಂದಳು ಯಮುನಾ.

ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದರು. ಹಳೇಕೋಟೆಯ ಬಸ್ಸು ನಿಂತಿತ್ತು. ತನ್ಮಯಿಗೆ ತಡೆಯಲಾಗಲಿಲ್ಲ. "ಅಪ್ಪ ಸುಳ್ಳು ಹೇಳಿದ್ರು ಕಣೇ. ಅದು ಬೇರೆ ಮುಂಗುಸಿ ಅಲ್ಲ, ಅದೇ."

"ನಂಗೇನ್ ಕಣ್ ಕಾಣಾಕಿಲ್ವಾ?" ಯಮುನಾ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. "ಅವತ್ತು ಸಾಹೇಬ್ರು ನಿನ್ನ ಬಾಗ್ಲತ್ರ ಕರ್ದು ಕೇಳ್ಲಿಲ್ವಾ, ಆಗ ಅವ್ರಿಗೆ ಅಂತ ಲೋಟದಾಗೆ ನೀರ್ ಇಡ್ಕಂಡು ಬಾಗ್ಲಾಚೆ ನಿಂತಿದ್ದೋಳು ನಾನೇಯಾ."

ತನ್ಮಯಿ ಅವಳ ಮುಂದೆ ಬಂದು ನಿಂತಳು.

"ಮತ್ತೆ... ಯಾಕೆ ಯಾರಿಗೂ ಹೇಳ್ಲಿಲ್ಲ?"

"ನೀನೇ ಯೋಳ್ತೀಯ ಅಂತ ಕಾದೆ ಕಣಮ್ಮಿ." ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಇವತ್ತು ಕರ್ದಾಗ್ಲೂ, ಅದ್ಕೇ ಇರ್ಬೋದು ಅಂದ್ಕಂಡೇ ಬಂದೆ."

ಕಂಡಕ್ಟರ್ ಸೀಟಿ ಊದಿದ. ಯಮುನಾ ಹತ್ತಿ ಕಿಟಕಿಯ ಪಕ್ಕ ಕೂತಳು. ಮಗು ಕಿಟಕಿಯಿಂದ ಕೈ ಹೊರಗೆ ಹಾಕಿ ತನ್ಮಯಿಗೆ ಟಾಟಾ ಮಾಡತೊಡಗಿತು. ಯಮುನಾ ಆ ಕೈಯನ್ನು ಮೆಲ್ಲಗೆ ಒಳಗೆಳೆದುಕೊಂಡು ಕಿಟಕಿಯ ಗಾಜು ಸರಿಸಿದಳು.